ಹಕ್ಕಿಗಳ ಹ್ಯೂಮ್ ಸಾಹೇಬರು

ಇತಿಹಾಸದ ಪುಸ್ತಕಗಳಲ್ಲಿ ಒಂದೇ ವಾಕ್ಯದೊಳಗೆ ಬಂದು ಅದೇ ವಾಕ್ಯದೊಳಗೆ ಹೋಗಿಬಿಡುವ ಮಹನೀಯರು ಅನೇಕರಿದ್ದಾರೆ. ಅಲನ್ ಆಕ್ಟೇವಿಯನ್ ಹ್ಯೂಮ್ ಅಂಥವರಲ್ಲಿ ಒಬ್ಬರು. ಕಾಂಗ್ರೆಸ್ ಸಂಸ್ಥೆಯನ್ನು ಸ್ಥಾಪಿಸಿದವರು ಯಾರೆಂಬ ಎರಡು ಅಂಕಗಳ ಪ್ರಶ್ನೆಗೆ ಅವರ ಹೆಸರನ್ನು ನಾನು ಹೈಸ್ಕೂಲಿನಿಂದ ಇಲ್ಲಿಯ ತನಕ ಎಷ್ಟು ಸಲ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹೆಸರಿನ ಮುಂದೆ ೧೮೮೫ ಎಂದು ಇಸವಿ ಬರೆದುಬಿಟ್ಟರೆ ಹ್ಯೂಮರ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಅದು ಮುಗಿಯದಂತಾದುದು ನಮ್ಮೂರ ಕೆರೆಯಿಂದ. ಉಣಕಲ್ ಕೆರೆಯನ್ನು ನೋಡದವರು ಹುಬ್ಬಳ್ಳಿ-ಧಾರವಾಡಗಳಲ್ಲಿ ಇರಲಾರರು. ನಡುವೆ ವಿವೇಕಾನಂದರ ಮೂರ್ತಿ, ಅಂಚಿನಲ್ಲಿ ಅಂತರಗಂಗೆ, ಅದರ ಮೇಲೆ ಹೆಜ್ಜೆಯಿಡುತ್ತ ಹೋಗುವ ಉದ್ದಬೆರಳಿನ ಹಕ್ಕಿಗಳು. ಅವುಗಳ ಹೆಸರು ತಿಳಿಯುವ ಆಸೆಯಿಂದ ಒಂದು ದಿನ ಗ್ರಂಥಾಲಯದಲ್ಲಿ ಹಕ್ಕಿಗಳ ಪುಸ್ತಕವೊಂದನ್ನು ತೆಗೆದು ಕುಳಿತೆನು. ಶಾಸ್ತ್ರೀಯ ಹೆಸರುಗಳ ಮುಂದೆ, ಆ ಹಕ್ಕಿಯನ್ನು ಮೊದಲು ವರ್ಣಿಸಿದವರ ಹೆಸರನ್ನೂ ಇಸವಿಯನ್ನೂ ಹಾಕುವ ಪದ್ಧತಿಯುಂಟು. ಅಲ್ಲಿ ಮತ್ತೆ ಮತ್ತೆ ಹ್ಯೂಮ್, ಹ್ಯೂಮ್ ಎಂದು ಕಂಡಿತು. ಇವರು ಬೇರೆ ಯಾರೋ ಹ್ಯೂಮರು ಇರಬೇಕೆಂದುಕೊಂಡೆ. ಇತಿಹಾಸದ ಗುರುಗಳನ್ನು ಕೇಳಿದಾಗ ಅವರು ನಕ್ಕು, ಇಬ್ಬರಲ್ಲ ಒಬ್ಬರೇ ಎಂದರು. ಅಂದಿನಿಂದ ಸಿಕ್ಕಿದುದನ್ನು ಓದುತ್ತ ಬಂದೆ. ಓದಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಹ್ಯೂಮರು ೧೮೨೯ರಲ್ಲಿ ಜನಿಸಿದರು. ತಂದೆ ಜೋಸೆಫ್ ಹ್ಯೂಮ್ ಸ್ಕಾಟ್ಲೆಂಡಿನವರು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸುಧಾರಣೆಯ ಪಕ್ಷ ಹಿಡಿದು ವರ್ಷಗಟ್ಟಲೆ ವಾದಿಸಿದವರು. ಮಗ ಹೇಲಿಬರಿಯ ಕಂಪನಿ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಕೆಲಕಾಲ ವೈದ್ಯವನ್ನೂ ಕಲಿತು, ೧೮೪೯ರಲ್ಲಿ ಬಂಗಾಲದ ಸಿವಿಲ್ ಸೇವೆಗೆ ಸೇರಿದರು. ಕೆಲವೇ ವರ್ಷಗಳಲ್ಲಿ ಯಮುನೆಯ ದಂಡೆಯ ಇಟಾವಾ ಜಿಲ್ಲೆಯ ಆಡಳಿತ ಅವರ ಕೈಗೆ ಬಂದಿತು.

ಇಟಾವಾದಲ್ಲಿ ಅವರು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಶಾಲೆ. ಊರೂರಿಗೆ ಉಚಿತ ಶಾಲೆಗಳನ್ನು ತೆರೆದರು. ೧೮೫೭ರ ಹೊತ್ತಿಗೆ ಆ ಒಂದು ಜಿಲ್ಲೆಯಲ್ಲಿ ೧೮೧ ಶಾಲೆಗಳು, ೫,೧೮೬ ವಿದ್ಯಾರ್ಥಿಗಳು. ಅಷ್ಟು ಜನರಲ್ಲಿ ಹುಡುಗಿಯರು ಇಬ್ಬರೇ ಇಬ್ಬರು. ಈ ಅಂಕಿಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆನು. ಐದು ಸಾವಿರ ಹುಡುಗರ ನಡುವೆ ಪಾಟಿ ಹಿಡಿದು ಕುಳಿತ ಆ ಇಬ್ಬರು ಹುಡುಗಿಯರು ಯಾರ ಮನೆಯವರಿರಬಹುದು? ನೂರೆಪ್ಪತ್ತು ವರ್ಷಗಳ ಬಳಿಕವೂ ನನ್ನ ಅವ್ವನಿಗೆ ತನ್ನ ಹೆಸರು ಬರೆಯಲು ಬರುವುದಿಲ್ಲವೆಂಬುದು ಆಗ ನೆನಪಾಯಿತು.

೧೮೫೭ರಲ್ಲಿ ದಂಗೆಯೆದ್ದಿತು. ಹ್ಯೂಮರು ಇಟಾವಾವನ್ನು ಬಿಟ್ಟು ಆಗ್ರಾದ ಕೋಟೆಯನ್ನು ಸೇರಬೇಕಾಯಿತು. ಮುಂದೆ ಸೈನ್ಯ ಕಟ್ಟಿಕೊಂಡು ತಿರುಗಿ ಬಂದರು. ಅವರು ಕಂಪನಿಯ ಪಕ್ಷದಲ್ಲಿಯೇ ಇದ್ದರು, ಇದರಲ್ಲಿ ಮುಚ್ಚುಮರೆಯೇನಿಲ್ಲ. ಆ ಗದ್ದಲದಲ್ಲಿ ಅವರು ಅಷ್ಟು ವರ್ಷ ಕೂಡಿಸಿದ್ದ ಹಕ್ಕಿಗಳ ಸಂಗ್ರಹವೆಲ್ಲ ನಾಶವಾಯಿತು. ಇದು ಮೊದಲನೆಯ ನಷ್ಟ. ಅವರು ಮತ್ತೆ ಒಂದರಿಂದ ಎಣಿಸಲಾರಂಭಿಸಿದರು.

೧೮೬೭ರಲ್ಲಿ ಹ್ಯೂಮರಿಗೆ ಒಳನಾಡಿನ ಸುಂಕದ ಕಮಿಷನರ ಹುದ್ದೆ ಬಂದಿತು. ಆಗ ಸರಕಾರವು ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಹಿಂದುಸ್ತಾನದ ಉದ್ದಕ್ಕೂ, ಸಿಂಧೂ ನದಿಯ ಕಡೆಯಿಂದ ಮಹಾನದಿಯ ತನಕ, ಎರಡು ಸಾವಿರ ಮೈಲಿಗೂ ಮಿಕ್ಕ ಒಂದು ಸುಂಕದ ಗೆರೆಯನ್ನು ಎಳೆದಿತ್ತು. ಗೋಡೆಯಲ್ಲ, ಬಹುಭಾಗ ಮುಳ್ಳಿನ ಬೇಲಿ: ಜಾಲಿ, ಕವಳಿ, ಪಾಪಾಸುಕಳ್ಳಿ. ಒಣಮುಳ್ಳಿನ ಬೇಲಿಯನ್ನು ಗೆದ್ದಲು ತಿನ್ನುತ್ತದೆ, ಗಾಳಿ ಹಾರಿಸುತ್ತದೆ ಎಂದು ಕಂಡುಕೊಂಡು, ಅದರ ಸ್ಥಳದಲ್ಲಿ ಬೆಳೆಯುವ ಹಸಿ ಬೇಲಿಯನ್ನು ನೆಡಿಸುವ ಕೆಲಸಕ್ಕೆ ಹ್ಯೂಮರು ಮನಸ್ಸಿಟ್ಟು ನಿಂತರು. ಬಡವನ ಗಂಜಿಯ ಉಪ್ಪಿಗೆ ಮುಳ್ಳುಬೇಲಿ! ೧೯೩೦ರಲ್ಲಿ ನಮ್ಮ ಅಂಕೋಲೆಯ ಜನ ಸಮುದ್ರದ ನೀರು ಕಾಯಿಸಿ ಮುರಿದುದು ಇಂಥ ಕಾಯಿದೆಯನ್ನೇ. ಕಾಂಗ್ರೆಸ್ಸಿನ ಜನಕನೆಂದು ನಾವು ಬರೆಯುವವರು ಆ ಬೇಲಿಗೆ ನೀರೆರೆಸಿದವರು ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಆ ಗೆರೆಯ ಗುಂಟ ಕುದುರೆಯ ಮೇಲೆ ತಿರುಗುವಾಗಲೇ ಅವರು ಉತ್ತರದ ಹಕ್ಕಿಗಳನ್ನೆಲ್ಲ ಕಂಡರು, ಬರೆದರು, ಸಂಗ್ರಹಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಕಾಲದಲ್ಲಿ ಹಕ್ಕಿ ನೋಡುವುದೆಂದರೆ ದುರ್ಬೀನು ಹಿಡಿದು ದೂರ ನಿಂತು ನೋಡುವುದು. ಅಂದು ಹಾಗಿರಲಿಲ್ಲ. ಹಕ್ಕಿಯನ್ನು ಬಂದೂಕಿನಿಂದ ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟುತ್ತಿದ್ದರು. ಸ್ಥಳ, ತಾರೀಖು, ಗಂಡು ಹೆಣ್ಣು, ಕಣ್ಣಿನ ಬಣ್ಣ ಎಲ್ಲವೂ ಆ ಚೀಟಿಯಲ್ಲಿ. ಒಂದೇ ಜಾತಿಯ ಹಕ್ಕಿ ಪಂಜಾಬದಲ್ಲಿ ಹೇಗಿದೆ, ಮಲಬಾರದಲ್ಲಿ ಹೇಗಿದೆ ಎಂದು ಹೋಲಿಸಬೇಕಾದರೆ ಅದೊಂದೇ ದಾರಿಯಾಗಿತ್ತು. ಆದರೂ ಅವರ ಸಂಗ್ರಹದ ಸಂಖ್ಯೆಗಳನ್ನು ಓದುವಾಗ ಮನಸ್ಸು ಸ್ವಲ್ಪ ಹಿಂದೆಗೆಯುತ್ತದೆ.

೧೮೭೧ರಲ್ಲಿ ಅವರು ಕಂದಾಯ, ಕೃಷಿ ಮತ್ತು ವ್ಯಾಪಾರ ಇಲಾಖೆಯ ಕಾರ್ಯದರ್ಶಿಗಳಾದರು. ಸಿಮ್ಲೆಯ ಜಾಕೂ ಗುಡ್ಡದ ಮೇಲೆ ರಾಥ್ನೀ ಕ್ಯಾಸಲ್ ಎಂಬ ಮನೆ ಅವರದು. ಅದರಲ್ಲಿ ಹಕ್ಕಿಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ. ಆ ಮನೆಯಿಂದ ಅವರು ಹಕ್ಕಿಗಳಿಗೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಅದರ ಹೆಸರು ಸ್ಟ್ರೇ ಫೆದರ್ಸ್, ಅಂದರೆ ಉದುರಿದ ಗರಿಗಳು. ಹಳ್ಳಿಗಾಡಿನಲ್ಲಿ ಒಂಟಿಯಾಗಿ ಬಿದ್ದಿದ್ದ ಅಧಿಕಾರಿಗಳು, ಸೇನೆಯವರು, ಪಾದ್ರಿಗಳು, ಕಾಫಿ ತೋಟದವರು ತಾವು ಕಂಡ ಹಕ್ಕಿಗಳ ವಿವರ ಬರೆದು ಕಳಿಸುತ್ತಿದ್ದರು. ಹ್ಯೂಮರು ತಿದ್ದಿ, ತಪ್ಪಿದ್ದರೆ ಬಿಡದೆ ಖಂಡಿಸಿ ಅಚ್ಚು ಹಾಕುತ್ತಿದ್ದರು. ಅವರ ಮಾತು ಎಷ್ಟು ನಡೆಯುತ್ತಿತ್ತೆಂದರೆ ಜನ ಅವರನ್ನು ಹಿಂದುಸ್ತಾನದ ಪಕ್ಷಿಶಾಸ್ತ್ರದ ಪೋಪ್ ಎಂದು ಕರೆದರು.

ಆ ಪತ್ರಿಕೆಯ ಸಂಪುಟಗಳಲ್ಲಿ ನಮ್ಮ ನಾಡೂ ಇದೆ. ೧೮೭೬ರಲ್ಲಿ ಫೇರ್‌ಬ್ಯಾಂಕ್ ಎಂಬ ಪಾದ್ರಿಗಳು ಖಂಡಾಲಾ, ಮಹಾಬಳೇಶ್ವರ ಮತ್ತು ಬೆಳಗಾವಿಯ ಸುತ್ತಿನ ಹಕ್ಕಿಗಳ ಪಟ್ಟಿ ಕೊಟ್ಟರು. ೧೮೮೧ರಲ್ಲಿ ಬಟ್ಲರ್ ಎಂಬ ಸೇನಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು ಪ್ರಕಟಿಸಿದರು. ದಕ್ಷಿಣ ಮರಾಠಾ ಸೀಮೆ ಎಂದರೆ ಮತ್ತೆ ಯಾವುದೂ ಅಲ್ಲ, ನಮ್ಮ ಬೆಳಗಾವಿ ಧಾರವಾಡಗಳೇ. ಆಂಗ್ಲರ ಕಾಗದಪತ್ರಗಳಲ್ಲಿ ಕನ್ನಡನಾಡಿನ ಈ ಭಾಗಕ್ಕೆ ಅದೇ ಹೆಸರು. ೧೮೮೭ರಲ್ಲಿ ಟೇಲರ್ ಎಂಬವರು ಮಂಜರಾಬಾದಿನ, ಅಂದರೆ ಸಕಲೇಶಪುರ ಕಡೆಯ ಪಟ್ಟಿಯನ್ನು ಬರೆದರು. ಹೀಗೆ ಸಿಮ್ಲೆಯ ಒಂದು ಮೇಜಿನ ಮೇಲೆ ನಮ್ಮ ಮಲೆನಾಡೂ ಎರೆಭೂಮಿಯೂ ಬಂದು ಕೂಡಿದವು.

ಎರೆಭೂಮಿ ಎಂದಾಗ ಎರೆಭೂತದ ನೆನಪಾಗುತ್ತದೆ. ಬಯಲಿನಲ್ಲಿ ನಿಲ್ಲುವ ಆ ದೊಡ್ಡ ಹಕ್ಕಿಯನ್ನು ಹ್ಯೂಮರು ಮಾರ್ಷಲ್ ಎಂಬವರೊಡನೆ ಬರೆದ ಬೇಟೆಯ ಹಕ್ಕಿಗಳ ಮೂರು ಸಂಪುಟಗಳಲ್ಲಿ (೧೮೭೯-೮೧) ಸೇರಿಸಿದ್ದಾರೆ. ಅಂದು ಅದು ಬೇಟೆಯ ಹಕ್ಕಿ. ೧೯೭೪ರಲ್ಲಿ ರಾಣೆಬೆನ್ನೂರಿನಲ್ಲಿ ಚಿಗರಿಗಳಿಗಾಗಿ ಅಭಯಾರಣ್ಯವಾದಾಗ ಅಲ್ಲಿ ಎರೆಭೂತವೂ ಇತ್ತು. ಈಗ ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆಗೆ ಬೆರಳೆಣಿಕೆಯಷ್ಟು ಉಳಿದಿವೆ.

ಇನ್ನು ದ್ವೀಪಗಳ ಮಾತು. ಹ್ಯೂಮರ ಜೀವನದಲ್ಲಿ ನನಗೆ ಬಹಳ ಹಿಡಿಸಿದುದು ಇದೇ ಭಾಗ. ೧೮೭೩ರಲ್ಲಿ ಅವರು ಸ್ಟೊಲಿಚ್ಕಾ ಮತ್ತು ವ್ಯಾಲೆಂಟೈನ್ ಬಾಲ್ ಎಂಬ ಇಬ್ಬರು ಭೂಗರ್ಭಶಾಸ್ತ್ರಜ್ಞರೊಡನೆ ಹಡಗಿನಲ್ಲಿ ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಹೋದರು. ಅಂಡಮಾನೆಂದರೆ ನಮ್ಮ ಮನಸ್ಸಿಗೆ ಕರಿನೀರಿನ ಶಿಕ್ಷೆ. ಕೈದಿಗಳ ವಸಾಹತು ಅಲ್ಲಿ ೧೮೫೮ರಲ್ಲಿಯೇ ಆರಂಭವಾಗಿತ್ತು. ಹ್ಯೂಮರು ಹೋದುದು ಮಾತ್ರ ಹಕ್ಕಿಗಳ ಸಲುವಾಗಿ. ಅಲ್ಲಿಯ ಒಂದು ಪುಟ್ಟ ಗೂಬೆಯನ್ನು ಅವರು ಮೊದಲು ವರ್ಣಿಸಿ, ಸಂಗಡಿಗ ಬಾಲ್ ಅವರ ಹೆಸರನ್ನೇ ಅದಕ್ಕೆ ಇಟ್ಟರು.

ಅಂಡಮಾನಿಗೆ ಮೂಡಣದಲ್ಲಿ ನಾರ್ಕಾಂಡಮ್ ಎಂಬ ಒಂಟಿ ದ್ವೀಪವಿದೆ. ಆರಿಹೋದ ಜ್ವಾಲಾಮುಖಿಯ ಶಿಖರವು ಸಮುದ್ರದ ಮೇಲೆ ತಲೆ ಎತ್ತಿದಂತಿದೆ. ಅದರ ವಿಸ್ತಾರ ೭ ಚದರ ಕಿಲೋಮೀಟರಿನಷ್ಟೂ ಇಲ್ಲ; ಮೈತುಂಬ ಕಾಡು. ಆ ಕಾಡಿನಲ್ಲಿ ಒಂದು ಮಂಗಟ್ಟೆ ಹಕ್ಕಿ ಇದೆ. ದಾಂಡೇಲಿಯ ಅಡವಿಯಲ್ಲಿ ಮಂಗಟ್ಟೆಯನ್ನು ಕಂಡವರಿಗೆ ಅದರ ರೂಪ ಹೇಳಬೇಕಾಗಿಲ್ಲ. ಇದು ಅದರ ಬಳಗದ್ದೇ, ಗಾತ್ರದಲ್ಲಿ ಚಿಕ್ಕದು. ಗಂಡಿನ ತಲೆ ಕೊರಳು ಕೆಂಗಂದು, ಹೆಣ್ಣು ಕಪ್ಪು, ಬಾಲ ಎರಡಕ್ಕೂ ಬಿಳಿ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಮರಿ ಬಲಿಯುವ ತನಕ ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಈ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅದನ್ನು ೧೮೭೩ರಲ್ಲಿ ಲೋಕಕ್ಕೆ ತಿಳಿಸಿದವರು ಹ್ಯೂಮರು. ಇಂದಿಗೂ ಅದರ ಹೆಸರಿನ ಮುಂದೆ ಅವರ ಹೆಸರಿದೆ. ನಾನು ಗ್ರಂಥಾಲಯದಲ್ಲಿ ಮೊದಲು ಕಂಡುದು ಅದನ್ನೇ.

ದ್ವೀಪಗಳಲ್ಲಿ ಹೀಗೇಕೆ ಆಗುತ್ತದೆ? ಎಂದೋ ಗಾಳಿಗೆ ಸಿಕ್ಕು ಬಂದ ಕೆಲವು ಹಕ್ಕಿಗಳು ಅಲ್ಲಿಯೇ ನಿಲ್ಲುತ್ತವೆ. ಸುತ್ತ ನೀರು, ನೆಂಟರೊಡನೆ ಕೊಳುಕೊಡೆ ಇಲ್ಲ. ತಲೆಮಾರುಗಳು ಕಳೆದಂತೆ ಬೇರೆಯದೇ ಕುಲವಾಗುತ್ತವೆ. ಕ್ರಿಕೆಟ್ಟಿನಿಂದ ನಮಗೆ ಪರಿಚಿತವಾದ ವೆಸ್ಟ್ ಇಂಡೀಸಿನಲ್ಲಿಯೂ ಇದೇ ಕಥೆ. ಸೇಂಟ್ ಲೂಸಿಯಾಕ್ಕೆ ಒಂದು ಗಿಳಿ, ನೆರೆಯ ಸೇಂಟ್ ವಿನ್ಸೆಂಟಿಗೆ ಮತ್ತೊಂದು ಗಿಳಿ. ಒಂದರದು ಇನ್ನೊಂದರಲ್ಲಿ ಇಲ್ಲ. ಅಂಥ ಹಕ್ಕಿಗೆ ಆ ದ್ವೀಪವೇ ಸರ್ವಸ್ವ. ನಾರ್ಕಾಂಡಮ್ಮಿನ ಮಂಗಟ್ಟೆಗಳು ಒಟ್ಟು ಕೆಲವು ನೂರು ಮಾತ್ರ. ಆ ಕಾಡು ಹೋದರೆ ಅವುಗಳಿಗೆ ಹೋಗಲು ಎರಡನೆಯ ಊರಿಲ್ಲ.

೧೮೭೫ರಲ್ಲಿ ಅವರು ಪಶ್ಚಿಮ ಕರಾವಳಿ ಮತ್ತು ಲಕ್ಷದ್ವೀಪಗಳ ಕಡೆಗೆ ಪಯಣಿಸಿದರು. ಅದರ ವೃತ್ತಾಂತ ೧೮೭೬ರ ಸಂಪುಟದಲ್ಲಿದೆ. ಹವಳದ ಆ ತಗ್ಗು ದ್ವೀಪಗಳು ಅಂಡಮಾನಿನಂತಲ್ಲ. ತೆಂಗು, ಮರಳು, ಕಡಲಹಕ್ಕಿ ಇವಿಷ್ಟೇ. ನೆಲದ ಹಕ್ಕಿಗಳು ತೀರ ಕಡಿಮೆ. ನಮ್ಮ ಉತ್ತರ ಕನ್ನಡದ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯೂ ಇದೇ ಪಡುವಣ ಕಡಲಿನ ದ್ವೀಪ. ಆಂಗ್ಲರು ಅದನ್ನು ಪಾರಿವಾಳದ ದ್ವೀಪವೆಂದು ಕರೆದರೂ ಅದು ಹೆಸರಾದುದು ಬಿಳಿಹೊಟ್ಟೆಯ ಕಡಲ ಹದ್ದುಗಳಿಂದ. ದೊಡ್ಡ ಮರಗಳ ಮೇಲೆ ಅವು ಗೂಡು ಕಟ್ಟುತ್ತವೆ, ಹಾವುಮೀನುಗಳನ್ನು ಹಿಡಿದು ತಂದು ಮರಿಗಳಿಗೆ ಉಣಿಸುತ್ತವೆ. ಎರಡನೆಯ ವರ್ಷದ ಪ್ರವಾಸದಲ್ಲಿ ಮುರ್ಡೇಶ್ವರದ ದಂಡೆಯಿಂದ ನಾವು ಅದನ್ನು ಮಸುಕಾಗಿ ಕಂಡೆವು. ದೋಣಿಯ ಬಾಡಿಗೆ ನಮ್ಮ ಕೈಗೆ ನಿಲುಕುವಂತಿರಲಿಲ್ಲ.

೧೮೭೯ರಲ್ಲಿ ಸರಕಾರ ಹ್ಯೂಮರನ್ನು ಕಾರ್ಯದರ್ಶಿಯ ಹುದ್ದೆಯಿಂದ ತೆಗೆದುಹಾಕಿತು. ಮೇಲಿನವರಿಗೆ ಹಿತವಾಗುವಂತೆ ಮಾತನಾಡುವ ಅಭ್ಯಾಸ ಅವರಿಗೆ ಇರಲಿಲ್ಲ. ೧೮೮೧ರಲ್ಲಿ ಮಣಿಪುರಕ್ಕೆ ಹೋಗಿ ಅಲ್ಲಿಯ ಕಾಡಿನ ಒಂದು ಕೋಳಿಜಾತಿಯ ಹಕ್ಕಿಗೆ ಹೆಂಡತಿಯ ಹೆಸರನ್ನಿಟ್ಟು ಬಂದರು. ೧೮೮೨ರಲ್ಲಿ ನಿವೃತ್ತರಾದರು. ಇನ್ನು ಕುಳಿತು ಹಿಂದುಸ್ತಾನದ ಎಲ್ಲ ಹಕ್ಕಿಗಳ ಮಹಾಗ್ರಂಥವನ್ನು ಬರೆಯುವುದೊಂದೇ ಉಳಿದಿತ್ತು. ಅದಕ್ಕೆ ಬೇಕಾದ ಟಿಪ್ಪಣಿಗಳು ಇಪ್ಪತ್ತೈದು ವರ್ಷಗಳಿಂದ ಸಿದ್ಧವಾಗುತ್ತ ಬಂದಿದ್ದವು.

ಒಂದು ಚಳಿಗಾಲ ಅವರು ಸಿಮ್ಲೆಯಲ್ಲಿ ಇರಲಿಲ್ಲ. ತಿರುಗಿ ಬಂದು ನೋಡಿದರೆ ಕೈಬರಹದ ರಾಶಿಯೇ ಇಲ್ಲ. ಮನೆಯ ಸೇವಕನೊಬ್ಬನು ಅದನ್ನು ಒಯ್ದು ಸಿಮ್ಲೆಯ ಬಜಾರಿನಲ್ಲಿ ರದ್ದಿಯಾಗಿ ತೂಕಕ್ಕೆ ಮಾರಿಬಿಟ್ಟಿದ್ದನು. ಕ್ವಿಂಟಲುಗಟ್ಟಲೆ ಕಾಗದ. ಅಂಗಡಿಯವರ ಕೈಗೆ ಹೋದ ಕಾಗದ ಪೊಟ್ಟಣವಾಗದೆ ಮತ್ತೇನಾಗುತ್ತದೆ? ಅದೇ ಕಾಲದಲ್ಲಿ ಜೋರು ಮಳೆಗೆ ಗುಡ್ಡ ಕುಸಿದು ಸಂಗ್ರಹಾಲಯಕ್ಕೂ ಧಕ್ಕೆಯಾಯಿತು. ಆ ಮಹಾಗ್ರಂಥವನ್ನು ಹ್ಯೂಮರು ಬರೆಯಲೇ ಇಲ್ಲ.

ಇದನ್ನು ಓದಿದಾಗ ನನಗೆ ಆದುದನ್ನು ಹೇಳಲು ಸ್ವಲ್ಪ ನಾಚಿಕೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾನೆ. ಮೊದಲನೆಯ ವರ್ಷದ ಪರೀಕ್ಷೆ ಮುಗಿದ ವಾರ ನಾನು ಕೆಲಸಕ್ಕೆಂದು ಹೊರಗೆ ಹೋಗಿದ್ದಾಗ ಅವ್ವ ನನ್ನ ನೋಟುಬುಕ್ಕುಗಳನ್ನು ರದ್ದಿಯವನಿಗೆ ಹಾಕಿದಳು. ಅಚ್ಚಿನ ಪುಸ್ತಕಗಳನ್ನು ಮುಟ್ಟಿರಲಿಲ್ಲ, ಬರೆಯದ ಹಾಳೆಗಳನ್ನು ಹರಿದು ತೆಗೆದಿಟ್ಟಿದ್ದಳು. ಕೈಯಿಂದ ಬರೆದುದು ಪರೀಕ್ಷೆ ಮುಗಿದ ಮೇಲೆ ತೀರಿಹೋಯಿತೆಂಬುದು ಅವಳ ತಿಳಿವಳಿಕೆ. ಬಂದ ಹಣದಿಂದ ಜೋಳದ ಹಿಟ್ಟು ಬೀಸಿಸಿದ್ದಳು. ನಾನು ಆ ಹಿಟ್ಟಿನ ರೊಟ್ಟಿಯನ್ನು ಎರಡು ದಿನ ಮುಟ್ಟಲಿಲ್ಲ. ಅವಳಿಗೆ ಬಾಯಿಗೆ ಬಂದಂತೆ ಅಂದೆ. ಅಂಗಡಿಗೆ ಓಡಿ ಐದರಲ್ಲಿ ಮೂರನ್ನು ತಂದೆ; ಉಳಿದೆರಡು ಆಗಲೇ ಹೋಗಿದ್ದವು.

ಹ್ಯೂಮರ ಚರಿತ್ರೆಯನ್ನು ಬರೆದವರೆಲ್ಲ ಆ ಸೇವಕನನ್ನು ಕಳ್ಳನೆಂದು ಬರೆಯುತ್ತಾರೆ. ಒಡೆಯನ ವಸ್ತುವನ್ನು ಕೇಳದೆ ಮಾರಿದವನು ಕಳ್ಳನೇ ಸರಿ. ಆದರೂ ಆ ಪುಟವನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟಿದುದು ಅವ್ವ ಹಾಳೆ ಹರಿಯುತ್ತ ಕುಳಿತಿದ್ದ ಚಿತ್ರ. ಇಟಾವಾದಲ್ಲಿ ೧೮೧ ಶಾಲೆಗಳನ್ನು ತೆರೆದವರ ಮನೆಯೊಳಗೇ ಬರಹವು ತಕ್ಕಡಿಗೆ ಹೋಯಿತಲ್ಲ! ಆ ಸಂಜೆ ಮನೆಗೆ ಹೋಗಿ ಹ್ಯೂಮರ ಕಥೆಯನ್ನು ಅವ್ವನಿಗೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, ಅಷ್ಟು ಕಾಗದಕ್ಕೆ ಎಷ್ಟು ದುಡ್ಡು ಬಂದಿದ್ದೀತು ಎಂದು ವಿಚಾರಿಸಿದಳು. ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ.

ಕೈಬರಹ ಹೋದರೂ ಹಕ್ಕಿಗಳು ಉಳಿದಿದ್ದವು. ಹ್ಯೂಮರು ಅವೆಲ್ಲವನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟರು. ೧೮೮೫ರಲ್ಲಿ ಬೌಡ್ಲರ್ ಶಾರ್ಪ್ ಎಂಬ ಪಂಡಿತರು ಲಂಡನ್ನಿನಿಂದ ಸಿಮ್ಲೆಗೆ ಬಂದು ತಾವೇ ನಿಂತು ಕಟ್ಟಿಸಿದರು. ದೇವದಾರು ಹಲಗೆಯ ೪೭ ಪೆಟ್ಟಿಗೆಗಳು. ಹಕ್ಕಿ ಮೊಟ್ಟೆಗಳೆಲ್ಲ ಕೂಡಿ ೮೦,೦೦೦ಕ್ಕೂ ಮಿಕ್ಕಿದ್ದವು. ಒಬ್ಬ ವ್ಯಕ್ತಿ ಅಷ್ಟು ದೊಡ್ಡ ಪಕ್ಷಿಸಂಗ್ರಹವನ್ನು ಕೊಟ್ಟುದು ಅಪರೂಪ. ಅವು ಈಗ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ಸಂಗ್ರಹಾಲಯದಲ್ಲಿವೆ. ಉಳಿದ ಅಲ್ಪಸ್ವಲ್ಪ ಟಿಪ್ಪಣಿಗಳನ್ನು ಓಟ್ಸ್ ಎಂಬವರಿಗೆ ಒಪ್ಪಿಸಿದರು. ಅವರು ಗೂಡು ಮೊಟ್ಟೆಗಳ ಗ್ರಂಥವನ್ನು ೧೮೮೯-೯೦ರಲ್ಲಿ ಹೊರತಂದರು. ಹ್ಯೂಮರು ಥಿಯಾಸಫಿಯ ಕಡೆಗೆ ಒಲಿದು, ಮಾಂಸಾಹಾರವನ್ನು ತೊರೆದು, ಹಕ್ಕಿಗಳನ್ನು ಕೊಲ್ಲುವುದನ್ನೂ ಬಿಟ್ಟಿದ್ದರು.

ಅಷ್ಟರಲ್ಲಿ ಅವರ ಮನಸ್ಸನ್ನು ಬೇರೊಂದು ಕಾರ್ಯ ಹಿಡಿದಿತ್ತು. ೧೮೮೩ರ ಮಾರ್ಚ್ ೧ರಂದು ಅವರು ಕಲಕತ್ತಾ ವಿಶ್ವವಿದ್ಯಾಲಯದ ಪದವೀಧರರಿಗೆ ಒಂದು ಬಹಿರಂಗ ಪತ್ರ ಬರೆದರು. ದೇಶದ ಕೆಲಸಕ್ಕೆ ಸ್ವಾರ್ಥ ಬಿಟ್ಟ ಐವತ್ತು ಜನ ಸಿಕ್ಕರೆ ಸಾಕು, ಸಂಸ್ಥೆ ಕಟ್ಟಬಹುದೆಂಬುದು ಅದರ ತಿರುಳು. ಓದಿದವರೇ ತಮ್ಮ ಸುಖ ನೋಡಿಕೊಂಡು ಕುಳಿತರೆ, ಬೇರೆಯವರ ಆಳ್ವಿಕೆಯ ಬಗ್ಗೆ ದೂರುವ ಹಕ್ಕು ಅವರಿಗಿಲ್ಲವೆಂದು ಕಟುವಾಗಿಯೇ ಬರೆದರು. ಪದವಿಯ ಕೊನೆಯ ವರ್ಷದಲ್ಲಿ ಆ ಪತ್ರದ ವಿಷಯ ಓದುವುದು ಅಷ್ಟು ಆರಾಮದ ಕೆಲಸವಲ್ಲ. ನಮ್ಮ ತರಗತಿಯಲ್ಲಿ ಸರಕಾರಿ ನೌಕರಿಯ ಅರ್ಜಿ ತುಂಬದವರು ಯಾರೂ ಇಲ್ಲ, ನಾನೂ ತುಂಬಿದ್ದೇನೆ.

೧೮೮೫ರ ಡಿಸೆಂಬರ್ ೨೮ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ೭೨ ಪ್ರತಿನಿಧಿಗಳು ಸೇರಿದರು. ಮೊದಲು ಪುಣೆಯಲ್ಲಿ ನಡೆಸಬೇಕೆಂದಿತ್ತು, ಕಾಲರಾ ಬಂದುದರಿಂದ ಮುಂಬಯಿಗೆ ಬಂದಿತು. ಡಬ್ಲ್ಯು. ಸಿ. ಬ್ಯಾನರ್ಜಿಯವರು ಅಧ್ಯಕ್ಷರು, ಹ್ಯೂಮರು ಕಾರ್ಯದರ್ಶಿ. ಹಕ್ಕಿಗಳ ಪತ್ರಿಕೆಯನ್ನು ನಡೆಸಿದ ರೀತಿಯಲ್ಲಿಯೇ ಇದನ್ನೂ ನಡೆಸಿದರೆಂದು ನನಗೆ ಅನಿಸುತ್ತದೆ: ಊರೂರಿನವರಿಗೆ ಕಾಗದ ಬರೆಯುವುದು, ವಿವರ ತರಿಸುವುದು, ತಪ್ಪಿದವರನ್ನು ಬೈಯುವುದು, ಬಿಡಿಬಿಡಿಯಾಗಿದ್ದವರನ್ನು ಒಂದೆಡೆ ಕೂಡಿಸುವುದು. ಅಂದು ಹುಟ್ಟಿದ ಸಂಸ್ಥೆಗೆ ೧೯೨೩ರಲ್ಲಿ ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಸೇವಾದಳವನ್ನು ಕಟ್ಟಿಕೊಟ್ಟರು. ೧೯೨೪ರಲ್ಲಿ ಅದರ ಅಧಿವೇಶನ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಹ್ಯೂಮರು ಅದನ್ನು ನೋಡಲು ಇರಲಿಲ್ಲ.

ಅವರು ೧೮೯೪ರಲ್ಲಿ ಇಂಡಿಯಾವನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಕೊನೆಗಾಲದಲ್ಲಿ ಅವರನ್ನು ಹಿಡಿದುದು ಗಿಡಮರಗಳ ಹುಚ್ಚು. ೧೯೧೦ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಒಂದು ಸಸ್ಯಶಾಸ್ತ್ರ ಸಂಸ್ಥೆಯನ್ನು ತಮ್ಮ ಹಣದಿಂದ ತೆರೆದರು. ಅದು ಈಗಲೂ ನಡೆಯುತ್ತಿದೆ. ೧೯೧೨ರ ಜುಲೈ ೩೧ರಂದು ತೀರಿಕೊಂಡರು. ಆ ಸುದ್ದಿ ಇಟಾವಾಕ್ಕೆ ಮುಟ್ಟಿದ ದಿನ ಅಲ್ಲಿಯ ಬಜಾರಿನವರು ಅಂಗಡಿಗಳನ್ನು ಮುಚ್ಚಿದರು.